ಎಷ್ಟು ಕಿಲೋಮೀಟರ್ ಅಂತ ಕೇಳಬೇಡಿ

ಕೆಲಸ ಬೆಂಗಳೂರಿನಲ್ಲಿ, ಮನೆ ಮಾತ್ರ ಸ್ವಲ್ಪ ಗಾಳಿ ಬೆಳಕು ಇರೋ ಒಂದು ಸಣ್ಣ ಊರಲ್ಲಿ. ಮದುವೆಯಾಗಿ ಒಂದು ಮಗು ಆದ ಕೂಡಲೇ ತುಂಬಾ ಜನರಿಗೆ ಈ ಯೋಚನೆ ಬರುತ್ತೆ. ರಾಮನಗರ, ತುಮಕೂರು, ಮಾಲೂರು, ದೊಡ್ಡಬಳ್ಳಾಪುರ, ಹೊಸೂರು, ಇವುಗಳಲ್ಲಿ ಯಾವುದು ಒಳ್ಳೇದು ಅಂತ ವಿಚಾರಿಸೋಕೆ ಶುರು ಮಾಡ್ತಾರೆ. ಉತ್ತರವಾಗಿ ಸಿಗೋದು ಒಂದು ಸಂಖ್ಯೆ: ಇಷ್ಟು ಕಿಲೋಮೀಟರ್. ಸೈಟ್ ಮಾರೋರ ಜಾಹೀರಾತಿನಲ್ಲಾದರೆ ಅದು "ಕೇವಲ 25 ನಿಮಿಷ" ಆಗುತ್ತೆ. ಆ 25 ನಿಮಿಷ ಯಾವ ದಿನ, ಎಷ್ಟು ಗಂಟೆಗೆ ಅಳೆದಿದ್ದು ಅಂತ ಯಾರೂ ಬರೆಯಲ್ಲ. ಬಹುಶಃ ಭಾನುವಾರ ಬೆಳಗಿನ ಜಾವ ಐದಕ್ಕೆ.

ಸೆಕೆಂಡ್ ಇಯರ್ ಓದ್ತಿರೋ ನಮಗೆ ಇದೆಲ್ಲ ಯಾಕೆ ಅಂತ ಅನ್ನಿಸಬಹುದು. ಎರಡು ಕಾರಣ. ಒಂದು, ಇನ್ನು ಎರಡೂವರೆ ವರ್ಷಕ್ಕೆ ನಮ್ಮಲ್ಲಿ ಮುಕ್ಕಾಲು ಪಾಲು ಜನ ಇದೇ ಬೆಂಗಳೂರಿನಲ್ಲಿ ಪಿಜಿ ಹುಡುಕ್ತಾ ಇರ್ತೀವಿ, ಅದಾದ ಮೇಲೆ ಈ ಪ್ರಶ್ನೆ ನಮ್ಮದೇ. ಎರಡನೇದು ನನ್ನ ಸ್ವಂತ ಕಾರಣ. ನಾನು ರಾಮನಗರದಲ್ಲಿ ಬೆಳೆದವಳು. ನನಗೆ ಎರಡು ವರ್ಷ ಇದ್ದಾಗ, 2008ರಲ್ಲಿ, ಅಪ್ಪ ಅಮ್ಮ ಬೆಂಗಳೂರು ಬಿಟ್ಟು ಅಲ್ಲಿಗೆ ಬಂದ್ರು. ಅಪ್ಪ ಇವತ್ತಿಗೂ ದಿನಾ ರೈಲಲ್ಲಿ ಬೆಂಗಳೂರಿಗೆ ಹೋಗಿ ಬರ್ತಾರೆ. ಈಗ ನಮ್ಮ ದೊಡ್ಡಪ್ಪನ ಮಗಳು, ಅವಳಿಗೂ ಎರಡು ವರ್ಷದ ಮಗು, ಅದೇ ಯೋಚನೆಯಲ್ಲಿದ್ದಾಳೆ. "ನೀನು ಇಂಜಿನಿಯರಿಂಗ್ ತಾನೇ ಓದೋದು, ಒಂದು ಎಕ್ಸೆಲ್ ಶೀಟ್ ಮಾಡಿಕೊಡು" ಅಂದಳು. ಶೀಟ್ ಮಾಡ್ತಾ ಮಾಡ್ತಾ ಗೊತ್ತಾಗಿದ್ದನ್ನ ಇಲ್ಲಿ ಬರೀತಿದ್ದೀನಿ.

ಮೊದಲು ಒಂದು ಹಳೇ ವಿಷಯ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ಲೇಖನ ಬರೆದರು. ಅದರ ಸಾರ ಇಷ್ಟು: ಮನುಷ್ಯ ನಡೆದು ಹೋಗಲಿ, ಕುದುರೆ ಮೇಲೆ ಹೋಗಲಿ, ಕಾರಲ್ಲಿ ಹೋಗಲಿ, ಓಡಾಟಕ್ಕೆ ದಿನಕ್ಕೆ ಸರಾಸರಿ ಸುಮಾರು ಒಂದು ಗಂಟೆ ಕೊಡ್ತಾನೆ. ವಾಹನದ ವೇಗ ಜಾಸ್ತಿಯಾದರೆ ಸಮಯ ಉಳಿಸಲ್ಲ, ಇನ್ನೂ ದೂರ ಮನೆ ಮಾಡ್ತಾನೆ. ಊರುಗಳು ಬೆಳೆಯೋದೇ ಹೀಗೆ. ಇದನ್ನ ಮಾರ್ಕೆಟ್ಟಿ ಕಾನ್‌ಸ್ಟಂಟ್ ಅಂತಾರೆ. ನಮ್ಮ ಕಡೆಗೆ ಬಂದ್ರೆ ಈ ಕಾನ್‌ಸ್ಟಂಟ್ ಅಷ್ಟೇನೂ ಕಾನ್‌ಸ್ಟಂಟ್ ಅಲ್ಲ. ಕೆಜಿಎಫ್ ನೋಡಿ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ಮನೆ ಅಲ್ಲೇ, ಜನ ಅಲ್ಲೇ, ಕೆಲಸ ಮಾತ್ರ ಹೋಯ್ತು. ಆಮೇಲೆ ಅಲ್ಲಿಯ ಸಾವಿರಾರು ಜನ ಮಾರಿಕುಪ್ಪಂನಿಂದ ಬಂಗಾರಪೇಟೆ, ಮಾಲೂರು ಮೇಲೆ ಬೆಂಗಳೂರಿಗೆ ಬರೋ ರೈಲು ಹತ್ತಿದ್ರು. ಒಂದು ಕಡೆಗೇ ಎರಡು ಗಂಟೆ, ಕೆಲವೊಮ್ಮೆ ಹೆಚ್ಚು. ಕೆಜಿಎಫ್‌ನವರು ಕಮ್ಯೂಟರ್ ಊರನ್ನ ಆರಿಸಿಕೊಂಡವರಲ್ಲ, ಅವರ ಊರೇ ಹಾಗೆ ಆಗಿಹೋಯ್ತು. ಅಕ್ಕನಂಥವರಿಗೆ ಆಯ್ಕೆ ಇದೆ. ಇರೋದ್ರಿಂದಲೇ ಲೆಕ್ಕ ಸರಿಯಾಗಿ ಹಾಕಬೇಕು.

ಎಲ್ಲರೂ ಹಾಕೋದು ಸರಾಸರಿ ಲೆಕ್ಕ. "ನಾರ್ಮಲ್ ಆಗಿ ಒಂದು ಗಂಟೆ ಆಗುತ್ತೆ" ಅಂತಾರೆ. ಆದರೆ ಮಗು ಇರೋ ಮನೆಗೆ ಸರಾಸರಿಯಿಂದ ಏನೂ ಉಪಯೋಗ ಇಲ್ಲ. ಯಾಕಂದ್ರೆ ಡೇಕೇರ್ ಬಾಗಿಲು ಹಾಕೋದು ಸರಾಸರಿ ಏಳು ಗಂಟೆಗಲ್ಲ, ಏಳು ಗಂಟೆಗೇ. ನೀವು ನಾಲ್ಕು ದಿನ 6:40ಕ್ಕೆ ಬಂದು ಐದನೇ ದಿನ 7:40ಕ್ಕೆ ಬಂದ್ರೆ ಸರಾಸರಿ 6:52, ಅಂದ್ರೆ ಪಾಸು. ಆ ಐದನೇ ದಿನ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದ ಮಗುವಿಗೆ ಈ ಸರಾಸರಿ ಹೇಳಿ ನೋಡಿ.

ಪ್ರಾಬಬಿಲಿಟಿ ಕ್ಲಾಸಲ್ಲಿ ಪರ್ಸೆಂಟೈಲ್ ಅಂತ ಓದಿದ್ದೀವಲ್ಲ, ಅದು ಕೆಲಸಕ್ಕೆ ಬರೋದು ಇಲ್ಲಿ. ತಿಂಗಳಿಗೆ ಕೆಲಸದ ದಿನಗಳು ಸುಮಾರು 20ರಿಂದ 22. ಹಾಗಾಗಿ 95ನೇ ಪರ್ಸೆಂಟೈಲ್ ಅಂದ್ರೆ ಹೆಚ್ಚುಕಡಿಮೆ "ತಿಂಗಳಿಗೊಂದು ಕೆಟ್ಟ ದಿನ". ಮಳೆ ಬಂದ ದಿನ, ಹಬ್ಬದ ಹಿಂದಿನ ದಿನ, ಯಾರದ್ದೋ ಮೆರವಣಿಗೆ ಇದ್ದ ದಿನ. ಅವತ್ತು ಎಷ್ಟು ಹೊತ್ತು ಆಗುತ್ತೆ ಅನ್ನೋದೇ ನಿಮ್ಮ ನಿಜವಾದ ಕಮ್ಯೂಟ್.

ಒಂದು ಉದಾಹರಣೆ, ಸಂಖ್ಯೆಗಳು ನಾನು ಇಟ್ಟುಕೊಂಡಿದ್ದು. ಮನೆ 'ಎ' ಬೆಂಗಳೂರಿನ ಅಂಚಿನಲ್ಲಿರೋ ಒಂದು ಬಡಾವಣೆ, ಆಫೀಸಿಗೆ 22 ಕಿಲೋಮೀಟರ್, ರಸ್ತೆ ಮೇಲೆ. ಸಾಮಾನ್ಯ ದಿನ 60 ನಿಮಿಷ, ಕೆಟ್ಟ ದಿನ 110. ಮನೆ 'ಬಿ' ಒಂದು ರೈಲು ಇರೋ ಊರು. ಮನೆಯಿಂದ ಸ್ಟೇಷನ್ 10, ಕಾಯೋದು 10, ರೈಲು 55, ಮೆಟ್ರೋ 20, ನಡಿಗೆ 10. ಒಟ್ಟು 105 ನಿಮಿಷ. ರೈಲು ಸ್ವಲ್ಪ ಲೇಟಾದ ಕೆಟ್ಟ ದಿನ 125. ಸರಾಸರಿ ನೋಡಿದ್ರೆ 'ಎ'ಗೂ 'ಬಿ'ಗೂ 45 ನಿಮಿಷ ಅಂತರ. ಆದರೆ ಡೇಕೇರ್‌ಗೆ ಸರಿಯಾದ ಟೈಮಿಗೆ ಬರಬೇಕಾದವರು ಕೆಟ್ಟ ದಿನದ ಲೆಕ್ಕ ಇಟ್ಟುಕೊಂಡೇ ಹೊರಡಬೇಕು, ಆಗ ಅಂತರ ಬರೀ 15 ನಿಮಿಷ. ದೂರ ಇರೋ ಊರು ಅಷ್ಟೇನೂ ದೂರ ಇಲ್ಲ.

ಇಲ್ಲಿಗೇ ನಿಲ್ಲಿಸಿದ್ರೆ ರೈಲ್ವೆ ಇಲಾಖೆಯ ಜಾಹೀರಾತು ಆಗುತ್ತೆ. ರೈಲಿಗೆ ಒಂದು ಬೇರೆ ಥರದ ಕೆಟ್ಟ ಗುಣ ಇದೆ. ರಸ್ತೆಯಲ್ಲಿ ಐದು ನಿಮಿಷ ತಡವಾಗಿ ಹೊರಟ್ರೆ ಐದರಿಂದ ಹತ್ತು ನಿಮಿಷ ತಡ. ರೈಲಿಗೆ ಎರಡು ನಿಮಿಷ ತಡವಾದ್ರೆ, ಮುಂದಿನ ರೈಲು ಬರೋವರೆಗೂ ತಡ. ಅದು ಅರ್ಧ ಗಂಟೆಯೋ ಒಂದೂವರೆ ಗಂಟೆಯೋ ಅನ್ನೋದರ ಮೇಲೆ ಇಡೀ ಲೆಕ್ಕ ನಿಂತಿದೆ. ಮುಂದಿನ ರೈಲು 90 ನಿಮಿಷಕ್ಕೆ ಇದ್ರೆ ಮನೆ 'ಬಿ'ಯ ಕೆಟ್ಟ ದಿನ 125 ಅಲ್ಲ, 195. ಆದ್ದರಿಂದ ಒಂದು ಊರಿನ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ರೈಲು ಎಷ್ಟು ಫಾಸ್ಟ್ ಅಂತಲ್ಲ. ಸಂಜೆ ಐದೂವರೆಯಿಂದ ರಾತ್ರಿ ಒಂಬತ್ತರ ಒಳಗೆ ಆ ಊರಲ್ಲಿ ನಿಲ್ಲೋ ರೈಲು ಎಷ್ಟು, ಒಂದಕ್ಕೂ ಇನ್ನೊಂದಕ್ಕೂ ಮಧ್ಯೆ ಇರೋ ಅತಿ ದೊಡ್ಡ ಗ್ಯಾಪ್ ಎಷ್ಟು, ಕೊನೇದು ಎಷ್ಟು ಗಂಟೆಗೆ. "ನಿಲ್ಲೋ" ಅನ್ನೋ ಪದಕ್ಕೆ ಅಂಡರ್‌ಲೈನ್ ಮಾಡಿ. ನಮ್ಮೂರಿನ ಹಳಿ ಮೇಲೆ ಓಡೋ ಎಲ್ಲ ರೈಲೂ ನಮ್ಮೂರಲ್ಲಿ ನಿಲ್ಲಲ್ಲ. ಚಿಕ್ಕವಳಿದ್ದಾಗ ನನಗೆ ಅದೊಂದು ದೊಡ್ಡ ಅವಮಾನ ಅನ್ನಿಸ್ತಿತ್ತು.

ಮೈಸೂರು ಲೈನಿನವರು ಈ ವಿಷಯದಲ್ಲಿ ಸ್ವಲ್ಪ ಅದೃಷ್ಟವಂತರು. ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಎಲ್ಲ ಒಂದೇ ಹಳಿಯ ಮೇಲೆ ಸಾಲಾಗಿ ಇವೆ, ಆ ಹಳಿ ಈಗ ಜೋಡಿ. ಜೋಡಿ ಆಗೋಕೆ ಎಷ್ಟು ವರ್ಷ ಹಿಡೀತು ಅಂತ ಅಪ್ಪನ ಹತ್ತಿರ ಕೇಳಬೇಡಿ, ರಾತ್ರಿ ಊಟ ತಣ್ಣಗಾಗುತ್ತೆ. ಕೊನೆಗೆ ಅಡ್ಡ ಇದ್ದಿದ್ದು ಶ್ರೀರಂಗಪಟ್ಟಣದ ಟಿಪ್ಪುವಿನ ಮದ್ದಿನ ಮನೆ. ಅದನ್ನ ಒಡೆಯೋ ಹಾಗಿರಲಿಲ್ಲ. 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ, ಸ್ವಲ್ಪ ದೂರಕ್ಕೆ ಜರುಗಿಸಿದ್ರು. ಸಿವಿಲ್ ಬ್ರ್ಯಾಂಚಿನವರು ಯಾರಾದ್ರೂ ಅದರ ಬಗ್ಗೆಯೇ ಮುಂದಿನ ಸಂಚಿಕೆಗೆ ಒಂದು ಲೇಖನ ಬರೀರಿ. ಒಂಟಿ ಹಳಿಯಲ್ಲಿ ಎದುರಿನ ರೈಲು ಬರೋವರೆಗೂ ಇದು ಯಾವುದೋ ಸಣ್ಣ ಸ್ಟೇಷನ್‌ನಲ್ಲಿ ಕಾಯಬೇಕು, ಅದಕ್ಕೆ ಕ್ರಾಸಿಂಗ್ ಅಂತಾರೆ. ಜೋಡಿ ಹಳಿ ಬಂದ್ರೆ ವೇಗಕ್ಕಿಂತ ಜಾಸ್ತಿ ಈ ಕಾಯೋದು ಕಡಿಮೆ ಆಗುತ್ತೆ, ಅಂದ್ರೆ ವೇರಿಯನ್ಸ್ ಕಡಿಮೆ ಆಗುತ್ತೆ. ಊರು ನೋಡುವಾಗ ಹಳಿ ಒಂಟಿಯೋ ಜೋಡಿಯೋ ಅಂತ ನೋಡಿ. ದೊಡ್ಡಬಳ್ಳಾಪುರಕ್ಕೆ ಹೋಲಿಸಿದ್ರೆ ದೇವನಹಳ್ಳಿ ಹತ್ತಿರ ಅನ್ನಿಸಬಹುದು, ಆದರೆ ದೇವನಹಳ್ಳಿ ಇರೋ ಚಿಕ್ಕಬಳ್ಳಾಪುರ ಲೈನಿನಲ್ಲಿ ಓಡೋ ರೈಲು ಎಷ್ಟು ಅಂತ ಎಣಿಸಿದ್ರೆ ಬೇಗ ಮುಗಿದುಹೋಗುತ್ತೆ. ಹೊಸಕೋಟೆ, ಕನಕಪುರ, ಮಾಗಡಿ ಊರುಗಳಿಗೆ ರೈಲೇ ಇಲ್ಲ, ಅಲ್ಲಿ ಎಲ್ಲ ರಸ್ತೆಯ ಮೇಲೆ. ಇನ್ನು ಆನೇಕಲ್ ರೋಡ್ ಅನ್ನೋ ಥರದ ಸ್ಟೇಷನ್ ಹೆಸರು ಕಂಡ್ರೆ ಹುಷಾರು. ರೈಲ್ವೆ ಭಾಷೆಯಲ್ಲಿ "ರೋಡ್" ಅಂದ್ರೆ ಊರು ಇಲ್ಲಿಲ್ಲ, ಇಲ್ಲಿಂದ ರೋಡ್ ಇದೆ ಅಂತ ಅರ್ಥ.

ಎಕ್ಸ್‌ಪ್ರೆಸ್‌ವೇ ಬಂತಲ್ಲ ಅಂತೀರಾ. ಬಂತು, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಎಲ್ಲದಕ್ಕೂ ಬೈಪಾಸ್. ಕಾರಿದ್ದವರಿಗೆ ಊರಿಂದ ನಗರದ ಅಂಚಿನವರೆಗೆ ಹೋಗೋದು ಸಲೀಸು. ಆಮೇಲೆ ಶುರುವಾಗೋದು ಬೆಂಗಳೂರು, ಅಲ್ಲಿ 10 ಕಿಲೋಮೀಟರ್‌ಗೆ ಅರ್ಧ ಗಂಟೆ ಲೆಕ್ಕ. ಅದೂ ಅಲ್ಲದೆ 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ ಬೈಕ್, ಆಟೋಗೆ ಪ್ರವೇಶ ಇಲ್ಲ, ಅವಕ್ಕೆ ಸರ್ವಿಸ್ ರೋಡ್. ಹೊಸದಾಗಿ ಸಂಸಾರ ಶುರು ಮಾಡಿದವರಲ್ಲಿ ಎಷ್ಟೋ ಜನರ ಹತ್ತಿರ ಇರೋದು ಬೈಕೇ ತಾನೇ.

ಅಕ್ಕನ ಶೀಟಿಗೆ ಬರ್ತೀನಿ. ಅವಳ ಆಫೀಸ್ ವೈಟ್‌ಫೀಲ್ಡ್ ಕಡೆ, ಭಾವನದ್ದು ಪೀಣ್ಯದಲ್ಲಿ. ಅವಳ ಲಿಸ್ಟ್‌ನಲ್ಲಿ ಮೇಲೆ ಇದ್ದಿದ್ದು ತುಮಕೂರು ಮತ್ತು ಮಾಲೂರು. ತುಮಕೂರಿಂದ ಭಾವನಿಗೆ ಸುಲಭ, ಅಕ್ಕನಿಗೆ ಇಡೀ ಬೆಂಗಳೂರು ದಾಟಬೇಕು. ಮಾಲೂರಿಂದ ಉಲ್ಟಾ. ಇದನ್ನ ಒಂದು ಸರಳ ರೇಖೆ ಅಂತ ಅಂದುಕೊಳ್ಳಿ. ಒಂದು ತುದಿಯಲ್ಲಿ ಪೀಣ್ಯ, ಇನ್ನೊಂದು ತುದಿಯಲ್ಲಿ ವೈಟ್‌ಫೀಲ್ಡ್. ಮನೆ ಇವೆರಡರ ಮಧ್ಯೆ ಎಲ್ಲೇ ಇರಲಿ, ಇಬ್ಬರ ಪ್ರಯಾಣ ಕೂಡಿಸಿದ್ರೆ ಒಂದೇ ಮೊತ್ತ. ರೇಖೆಯ ತುದಿಯಿಂದ ಆಚೆ ಹೋದ ಕೂಡಲೇ ಪ್ರತಿ ಕಿಲೋಮೀಟರ್ ಎರಡು ಸಲ ಕೂಡುತ್ತೆ, ಒಂದು ಸಲ ಅವಳಿಗೆ, ಒಂದು ಸಲ ಅವನಿಗೆ. ಕಮ್ಯೂಟರ್ ಊರು ಅಂದ್ರೇನೇ ರೇಖೆಯ ಆಚೆ ಇರೋದು. ಆದ್ದರಿಂದ ಎದುರು ಬದುರು ದಿಕ್ಕಿನಲ್ಲಿ ಇಬ್ಬರೂ ಕೆಲಸ ಮಾಡೋ ಮನೆಗೆ ಹೊರಗಿನ ಊರು ಲೆಕ್ಕದಲ್ಲೇ ಸೋಲುತ್ತೆ. ಹೊರಗಿನ ಊರು ಒಂದು ಆಫೀಸ್ ಇರೋ ಸಂಸಾರಕ್ಕೆ, ಅಥವಾ ಎರಡೂ ಆಫೀಸ್ ಒಂದೇ ಕಡೆ ಇರೋರಿಗೆ ಮಾಡಿಸಿದ ಉತ್ತರ. ನಮ್ಮಪ್ಪ ಅಮ್ಮ 2008ರಲ್ಲಿ ಬಂದಾಗ ಮನೆಯಲ್ಲಿ ಆಫೀಸಿಗೆ ಹೋಗ್ತಿದ್ದದ್ದು ಒಬ್ಬರೇ.

ಸರಿ, ಇಬ್ಬರೂ ಒಂದೇ ಕಡೆ, ಒಂದೇ ರೈಲಲ್ಲಿ ಹೋಗ್ತಾರೆ ಅಂತಿಟ್ಟುಕೊಳ್ಳಿ. ನೋಡೋಕೆ ಚೆನ್ನಾಗಿದೆ, ಜೊತೆಗೆ ಹೋಗಿ ಜೊತೆಗೆ ಬರೋದು. ಆದರೆ ಡೇಕೇರ್‌ನ ದೃಷ್ಟಿಯಿಂದ ನೋಡಿ. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಬರ್ತಾ ಇದ್ದು, ಒಬ್ಬೊಬ್ಬರೂ ತಡ ಆಗೋ ಸಾಧ್ಯತೆ ಶೇಕಡ 5 ಇದ್ರೆ, ಇಬ್ಬರೂ ಒಂದೇ ದಿನ ತಡ ಆಗೋ ಸಾಧ್ಯತೆ 0.05 ಗುಣಿಸು 0.05, ಅಂದ್ರೆ 0.0025. ನಾನೂರು ಕೆಲಸದ ದಿನಕ್ಕೆ ಒಮ್ಮೆ. ಒಂದೇ ರೈಲಲ್ಲಿ ಇದ್ರೆ ಒಬ್ಬರು ತಡ ಆದ ದಿನ ಇನ್ನೊಬ್ಬರೂ ತಡ, ಸಾಧ್ಯತೆ ಶೇಕಡ 5 ಆಗೇ ಉಳಿಯುತ್ತೆ, ಇಪ್ಪತ್ತು ದಿನಕ್ಕೆ ಒಮ್ಮೆ. ಇಪ್ಪತ್ತು ಪಟ್ಟು ಜಾಸ್ತಿ. ರಿಲಯಬಿಲಿಟಿಯಲ್ಲಿ ಇದನ್ನ ಕಾಮನ್ ಮೋಡ್ ಫೇಲ್ಯೂರ್ ಅಂತಾರೆ, ಎರಡು ಪಂಪ್ ಇಟ್ಟು ಎರಡಕ್ಕೂ ಒಂದೇ ಫ್ಯೂಸ್ ಹಾಕಿದ ಹಾಗೆ. ಇದಕ್ಕೆ ಪರಿಹಾರ ಮೂರನೇ ವ್ಯಕ್ತಿ. ರೈಲನ್ನೇ ಹತ್ತದ ಒಬ್ಬರು ಊರಲ್ಲೇ ಇರಬೇಕು.

ಅವರ ಹೆಸರು ಬಹಳಷ್ಟು ಮನೆಗಳಲ್ಲಿ ಅಜ್ಜಿ. ಎಕ್ಸೆಲ್ ಶೀಟ್‌ನಲ್ಲಿ ಅಜ್ಜಿಗೆ ಒಂದು ಕಾಲಂ ಇರಲ್ಲ, ಆದರೆ ಉಳಿದ ಎಲ್ಲ ಕಾಲಂಗಳ ತೂಕವನ್ನ ಬದಲಾಯಿಸೋದು ಅವರೇ. ಮಂಡ್ಯದ ಕಡೆಯವರು ಮದ್ದೂರು, ಚನ್ನಪಟ್ಟಣದಲ್ಲಿ ಮನೆ ಮಾಡೋದಕ್ಕೂ, ಕೋಲಾರದ ಕಡೆಯವರು ಮಾಲೂರು ಆರಿಸೋದಕ್ಕೂ ಕಾರಣ ರೇಟ್ ಮಾತ್ರ ಅಲ್ಲ. ಅಜ್ಜಿ ಊರಿನಿಂದ ಬೆಳಗ್ಗೆ ಫೋನ್ ಮಾಡಿದ್ರೆ ಮಧ್ಯಾಹ್ನಕ್ಕೆ ಬರೋ ಅಷ್ಟು ಹತ್ತಿರ ಇರಬೇಕು. ಅದಕ್ಕೆ ಈಗ ಇನ್ನೊಂದು ಅನುಕೂಲ ಸೇರಿದೆ: 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ನಮ್ಮ ಅಜ್ಜಿ ಮಂಡ್ಯದಿಂದ ಉಪ್ಪಿನಕಾಯಿ ಕೊಡೋಕೆ ಅಂತಲೇ ಬಂದು ಸಂಜೆ ವಾಪಸ್ ಹೋಗಿದ್ದೂ ಇದೆ. ಹೊಸೂರಿನಲ್ಲಿ ಮನೆ ನೋಡೋರು ಇದನ್ನ ಗಮನಿಸಬೇಕು. ಅದು ತಮಿಳುನಾಡು, ಗಡಿ ದಾಟೋ ಪ್ರಯಾಣಕ್ಕೆ ಶಕ್ತಿ ಇಲ್ಲ, ಮಕ್ಕಳಿಗೆ ಶಾಲೆಯಲ್ಲಿ ತಮಿಳು ಕಡ್ಡಾಯ. ಅಲ್ಲಿ ಕನ್ನಡ ಮಾತಾಡೋ ಜನ ಬೇಕಾದಷ್ಟಿದ್ದಾರೆ, ಒಂದು ಭಾಷೆ ಜಾಸ್ತಿ ಕಲಿತರೆ ಮಗುವಿಗೆ ಒಳ್ಳೇದೇ. ಆದ್ರೆ ಐದು ವರ್ಷಕ್ಕೆ ಇತ್ತ ಕಡೆ ವಾಪಸ್ ಬರೋ ಪ್ಲ್ಯಾನ್ ಇದ್ರೆ ಮಗು ಎರಡು ಸಲ ಅಕ್ಷರಮಾಲೆ ಬದಲಾಯಿಸಬೇಕಾಗುತ್ತೆ.

ದುಡ್ಡಿನ ಲೆಕ್ಕ ಬೇಗ ಮುಗಿಸ್ತೀನಿ. ಹೊರಗಿನ ಊರಲ್ಲಿ ಬಾಡಿಗೆ ತಿಂಗಳಿಗೆ 12,000 ಕಡಿಮೆ ಅಂದುಕೊಳ್ಳಿ. ಪ್ರಯಾಣ ದಿನಕ್ಕೆ ಒಂದೂವರೆ ಗಂಟೆ ಜಾಸ್ತಿ, 22 ದಿನಕ್ಕೆ 33 ಗಂಟೆ. ಗಂಟೆಗೆ ಸುಮಾರು 364 ರೂಪಾಯಿ ಉಳಿತಾಯ. ಓಡಾಡೋರು ಇಬ್ಬರಾದ್ರೆ 182. ನಿಮ್ಮ ಸಂಜೆಯ ಒಂದು ಗಂಟೆಯನ್ನ ಆ ರೇಟಿಗೆ ಮಾರ್ತೀರಾ ಅನ್ನೋದು ಪ್ರಶ್ನೆ, ಕೆಲವರಿಗೆ ಹೌದು ಅನ್ನೋದೇ ಸರಿಯಾದ ಉತ್ತರ. ಆಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೋ ಫ್ರೈ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಜರ್ಮನಿಯ ಅಂಕಿ ಅಂಶ ಇಟ್ಟುಕೊಂಡು ನೋಡಿದಾಗ, ದೂರದಿಂದ ಓಡಾಡೋರು ತಮ್ಮ ಜೀವನದ ಬಗ್ಗೆ ಕಡಿಮೆ ತೃಪ್ತಿ ಹೇಳಿಕೊಂಡಿದ್ರು. ಅಂದ್ರೆ ಅಗ್ಗದ ಮನೆಯಾಗಲಿ ಒಳ್ಳೇ ಸಂಬಳವಾಗಲಿ ಆ ಓಡಾಟಕ್ಕೆ ಪೂರ್ತಿ ಸಮ ಆಗಿರಲಿಲ್ಲ. ಇನ್ನು ರೈಲಿನ ಖರ್ಚು ಖರ್ಚೇ ಅಲ್ಲ. ಸೀಸನ್ ಪಾಸ್ 150 ಕಿಲೋಮೀಟರ್‌ವರೆಗೂ ಸಿಗುತ್ತೆ, ಮೂರು ತಿಂಗಳಿನದು ತೊಗೊಂಡ್ರೆ 2.7 ತಿಂಗಳಿನ ದುಡ್ಡು. ಸೀಟು ಮಾತ್ರ ಪಾಸಿನ ಜೊತೆ ಬರಲ್ಲ.

ಈಗ ಮುಖ್ಯ ವಿಷಯ. ಊರು ಹುಡುಕುವಾಗ ಎಲ್ಲರ ಗಮನ ಹೋಗಿ ಬರೋರ ಮೇಲೆ ಇರುತ್ತೆ. ಆದರೆ ಹೋಗಿ ಬರೋರು ಆ ಊರಲ್ಲಿ ಎಚ್ಚರವಾಗಿ ಇರೋದು ಎಷ್ಟು ಹೊತ್ತು? ಅಪ್ಪ ಬೆಳಗ್ಗೆ 6:40ಕ್ಕೆ ಮನೆ ಬಿಡ್ತಿದ್ರು, ರಾತ್ರಿ 8:15ಕ್ಕೆ ಬರ್ತಿದ್ರು. ಹದಿನೇಳು ವರ್ಷವಾದ್ರೂ ಅಪ್ಪನಿಗೆ ನಮ್ಮ ಬೀದಿಯ ಮೆಡಿಕಲ್ ಶಾಪಿನವರ ಹೆಸರು ಗೊತ್ತಿಲ್ಲ. ಅವರ ಸ್ನೇಹಿತರೆಲ್ಲ ರೈಲಿನವರು. ಅಲ್ಲಿ ಸೀಟು ಹಿಡಿಯೋರು, ಇಸ್ಪೀಟು ಆಡೋರು, ಲೇಡೀಸ್ ಬೋಗಿಯಲ್ಲಿ ಸಂಜೆ ಅವರೆಕಾಯಿ ಬಿಡಿಸಿಕೊಂಡೇ ಬರೋರು, ಅದೇ ಒಂದು ಊರು. ರಾಮನಗರದಲ್ಲಿ ನಿಜವಾಗಿ ಬದುಕಿದ್ದು ಅಮ್ಮ ಮತ್ತು ನಾನು. ಆದ್ದರಿಂದ ಊರು ಸರಿ ಇದೆಯಾ ಅಂತ ತೀರ್ಮಾನ ಮಾಡೋ ಮಾರ್ಕ್ಸ್ ಹೆಚ್ಚು ಇರಬೇಕಾದ್ದು ಹಗಲು ಹೊತ್ತು ಊರಲ್ಲಿ ಉಳಿಯೋರಿಗೆ.

ಹಾಗೆ ನೋಡಿದಾಗ ಊರುಗಳು ಎರಡು ಜಾತಿ ಆಗುತ್ತವೆ. ಒಂದು, ಬೆಂಗಳೂರು ನಾಳೆ ಮಾಯವಾದ್ರೂ ನಡೆಯೋ ಊರು. ತುಮಕೂರಿಗೆ ಅದರದ್ದೇ ಮಾರುಕಟ್ಟೆ, ಕಾಲೇಜು, ಮೆಡಿಕಲ್ ಕಾಲೇಜು ಇದೆ. ರಾಮನಗರಕ್ಕೆ ರೇಷ್ಮೆಗೂಡಿನ ಮಾರುಕಟ್ಟೆ, ಚನ್ನಪಟ್ಟಣಕ್ಕೆ ಗೊಂಬೆ ಮಾಡೋರು. ಇಂಥ ಊರಲ್ಲಿ ಮಧ್ಯಾಹ್ನ ಮೂರು ಗಂಟೆಗೂ ಬೀದಿಯಲ್ಲಿ ಜನ ಇರ್ತಾರೆ, ಮಗುವನ್ನ ಎತ್ತಿಕೊಂಡು ನಡೆದೇ ತರಕಾರಿ ತರಬಹುದು, ಪಕ್ಕದ ಮನೆಯವರು ಬೀಗ ಹಾಕಿ ಬೆಂಗಳೂರಿಗೆ ಹೋಗಿರಲ್ಲ. ಎರಡನೇ ಜಾತಿ, ಊರಿನ ಹೆಸರು ಮಾತ್ರ ಇರೋ ಲೇಔಟ್. ಹೆದ್ದಾರಿ ಪಕ್ಕ ಕಮಾನು, ಒಳಗೆ ಪಾರ್ಕು, ಸುತ್ತ ಖಾಲಿ ಸೈಟು, ಊರು ಏಳೆಂಟು ಕಿಲೋಮೀಟರ್ ಆಚೆ. ಹಾಲು ಬೇಕಾದ್ರೂ ಗಾಡಿ ತೆಗೀಬೇಕು. ಗಾಡಿ ಆಫೀಸಿಗೆ ಹೋಗೋರ ಜೊತೆ ಸ್ಟೇಷನ್‌ಗೆ ಹೋಗಿರುತ್ತೆ. ಅಕ್ಕನಿಗೆ ಒಬ್ಬರು ತೋರಿಸಿದ ಫ್ಲ್ಯಾಟ್ ಹೀಗೇ ಇತ್ತು. ಮಗು ಜೊತೆ ಹಗಲು ಹತ್ತು ಗಂಟೆ ಅಲ್ಲಿ ಕೂತಿರೋರಿಗೆ ಕ್ಲಬ್‌ಹೌಸ್ ಯಾಕೆ ಬೇಕು?

ನೀರಿನ ಪ್ರಶ್ನೆಯನ್ನ ಗೃಹಪ್ರವೇಶ ಆದ ಮೇಲೆ ಕೇಳೋರು ಜಾಸ್ತಿ. 2024ರ ಬೇಸಿಗೆಯಲ್ಲಿ ಬೆಂಗಳೂರೇ ಟ್ಯಾಂಕರ್ ಹಿಂದೆ ಓಡಿದ್ದನ್ನ ನೋಡಿದ್ದೀವಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ವರ್ಷವಿಡೀ ಹರಿಯೋ ನದಿ ಇಲ್ಲ, ಬೋರ್‌ವೆಲ್ ಆಳ, ನೀರಲ್ಲಿ ಫ್ಲೋರೈಡ್ ಸಮಸ್ಯೆ ಹಳೇದು. ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸೋ ಕೆಸಿ ವ್ಯಾಲಿ ಯೋಜನೆ 2018ರಿಂದ ನಡೀತಿದೆ, ಅದು ಅಂತರ್ಜಲಕ್ಕೆ, ನೇರ ಕುಡಿಯೋಕೆ ಅಲ್ಲ. ಬಿಡದಿ ಕಡೆ ನೋಡೋರು ಬೈರಮಂಗಲ ಕೆರೆ ಎಲ್ಲಿದೆ ಅಂತ ಮ್ಯಾಪಿನಲ್ಲಿ ಹುಡುಕಿ. ಬೆಂಗಳೂರಿನ ಗಲೀಜು ಹೊತ್ತುಕೊಂಡು ಬರೋ ವೃಷಭಾವತಿ ಸೇರೋದು ಅಲ್ಲಿಗೇ. ಬಿಡದಿಯ ತಟ್ಟೆ ಇಡ್ಲಿ ಚೆನ್ನಾಗಿರುತ್ತೆ ಅನ್ನೋದು ಮನೆ ಕೊಳ್ಳೋಕೆ ಸಾಕಾಗುವ ಕಾರಣ ಅಲ್ಲ, ನಾನು ಪ್ರಯತ್ನಪಟ್ಟು ಹೇಳ್ತಿದ್ದೀನಿ.

ಆಸ್ಪತ್ರೆ ವಿಷಯದಲ್ಲಿ ಜನ ಕಟ್ಟಡ ನೋಡ್ತಾರೆ. ಕೇಳಬೇಕಾದ್ದು ಬೇರೆ: ರಾತ್ರಿ ಹನ್ನೊಂದಕ್ಕೆ ಎರಡು ವರ್ಷದ ಮಗುವಿಗೆ ಜ್ವರ 103 ಆದರೆ ನೋಡೋ ಮಕ್ಕಳ ಡಾಕ್ಟರ್ ಈ ಊರಲ್ಲಿ ಇದ್ದಾರಾ, ಅಥವಾ "ಬೆಂಗಳೂರಿಗೆ ಕರ್ಕೊಂಡು ಹೋಗಿ" ಅಂತಾರಾ. ನನಗೆ ನಾಲ್ಕು ವರ್ಷ ಇದ್ದಾಗ ಒಂದು ರಾತ್ರಿ ಹಾಗೇ ಹೇಳಿದ್ರಂತೆ. ಅಪ್ಪ ಆಗ ಇನ್ನೂ ರೈಲಲ್ಲಿದ್ರು. ಅಮ್ಮ ಪಕ್ಕದ ಮನೆಯವರ ಓಮ್ನಿಯಲ್ಲಿ ನನ್ನನ್ನ ಹಾಕಿಕೊಂಡು ಬೆಂಗಳೂರಿನ ಕಡೆ ಹೊರಟ್ರು. ಒಬ್ಬರು ಆ ಕಡೆಯಿಂದ ಬರ್ತಾ ಇದ್ದಾರೆ, ಇನ್ನೊಬ್ಬರು ಈ ಕಡೆಯಿಂದ ಹೋಗ್ತಾ ಇದ್ದಾರೆ, ಮಧ್ಯೆ ಎಲ್ಲೋ ಕ್ರಾಸ್ ಆಗಿರ್ತಾರೆ. ಅಮ್ಮ ಇದನ್ನ ಈಗಲೂ ಜೋಕ್ ಥರ ಹೇಳಲ್ಲ. ಆಮೇಲಿಂದ ಆ ಊರಿನಲ್ಲಿ ಡಾಕ್ಟರುಗಳು ಹೆಚ್ಚಾದ್ರು. ಆದರೂ ಮನೆ ನೋಡೋಕೆ ಹೋದ ದಿನವೇ ಈ ಪ್ರಶ್ನೆಯನ್ನ ಔಷಧಿ ಅಂಗಡಿಯಲ್ಲಿ ಕೇಳಬೇಕು, ಬ್ರೋಕರ್ ಹತ್ತಿರ ಅಲ್ಲ.

ಇನ್ನೊಂದು ವಿಷಯ ಯಾರ ಶೀಟಿನಲ್ಲೂ ಇರಲ್ಲ. ಊರು ಇದ್ದಲ್ಲೇ ಇರುತ್ತೆ, ಆಫೀಸು ಇರಲ್ಲ. 2018ರಲ್ಲಿ ಅಪ್ಪನ ಆಫೀಸ್ ಮೆಜೆಸ್ಟಿಕ್ ಹತ್ತಿರದಿಂದ ವೈಟ್‌ಫೀಲ್ಡ್‌ಗೆ ಹೋಯ್ತು. ಆಗ ನೇರಳೆ ಮೆಟ್ರೋ ಬೈಯಪ್ಪನಹಳ್ಳಿಗೆ ನಿಂತುಬಿಡ್ತಿತ್ತು, ಅಲ್ಲಿಂದ ಬಸ್ಸು. ರಾತ್ರಿ 8:15 ಇದ್ದಿದ್ದು ಒಂಬತ್ತೂವರೆ ಆಯ್ತು. ನಾನು ಏಳನೇ ಕ್ಲಾಸು, ಅಪ್ಪ ಬರೋವಾಗ ಮಲಗಿರ್ತಿದ್ದೆ, ಹೋಂವರ್ಕ್ ಡೈರಿಯಲ್ಲಿ ಸೈನ್ ಮಾತ್ರ ಇರ್ತಿತ್ತು. ಪೂರ್ತಿ ಲೈನ್ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಶುರುವಾಗಿದ್ದು 2023ರ ಅಕ್ಟೋಬರ್‌ನಲ್ಲಿ, ಅಷ್ಟೊತ್ತಿಗೆ ನಾನು ಪಿಯು. ಮಧ್ಯೆ ಕೋವಿಡ್ ಬಂದು ಅಪ್ಪ ಎರಡು ವರ್ಷ ಮನೆಯಿಂದಲೇ ಕೆಲಸ ಮಾಡಿದ್ರು. ನಮ್ಮಪ್ಪನಿಗೆ ಇಷ್ಟು ಚೆನ್ನಾಗಿ ಮಿಮಿಕ್ರಿ ಬರುತ್ತೆ ಅಂತ ನನಗೆ ಗೊತ್ತಾಗಿದ್ದು ಆಗ. ಹಾಗಾಗಿ ಊರು ಆರಿಸುವಾಗ ಈಗಿನ ಆಫೀಸಿಗೆ ಎಷ್ಟು ಹೊತ್ತು ಅನ್ನೋದರ ಜೊತೆಗೆ, ಈ ಊರಿನ ರೈಲು ಇಳಿಸೋ ಜಾಗದಿಂದ ಬೇರೆ ಎಷ್ಟು ಕಡೆ ಹೋಗಬಹುದು ಅಂತಲೂ ನೋಡಬೇಕು. ಮೆಜೆಸ್ಟಿಕ್‌ಗೆ ನೇರ ಬರೋ ಊರಿಗೆ ಈ ಅನುಕೂಲ ಇದೆ, ಅಲ್ಲಿ ನೇರಳೆ ಮತ್ತು ಹಸಿರು ಎರಡೂ ಮೆಟ್ರೋ ಸಿಗುತ್ತೆ. ವಾರಕ್ಕೆ ಮೂರೇ ದಿನ ಆಫೀಸ್ ಅಂತ ನಂಬಿ ದೂರ ಹೋಗೋರು, ಅದು ಒಂದು ಇಮೇಲ್‌ನಲ್ಲಿ ಐದು ದಿನ ಆಗಬಹುದು ಅನ್ನೋದನ್ನೂ ನೆನಪಿಡಿ.

ಬರಲಿರೋ ರೈಲನ್ನ ನಂಬಿ ಮನೆ ಕೊಳ್ಳೋದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ: ಬೇಡ. ಬೆಂಗಳೂರು ಉಪನಗರ ರೈಲಿಗೆ ಶಂಕುಸ್ಥಾಪನೆ ಆಗಿದ್ದು 2022ರ ಜೂನ್‌ನಲ್ಲಿ. ನಾಲ್ಕು ಮಾರ್ಗ, 148 ಕಿಲೋಮೀಟರ್, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಎಷ್ಟು ಚೆಂದದ ಹೆಸರು. ಇವತ್ತಿಗೂ ಒಂದರಲ್ಲೂ ರೈಲು ಓಡಿಲ್ಲ. ಓಡಿದ್ರೂ ಆ ನಾಲ್ಕರಲ್ಲಿ ಯಾವುದೂ ರಾಮನಗರ, ತುಮಕೂರು, ಬಂಗಾರಪೇಟೆವರೆಗೆ ಬರಲ್ಲ. 2025ರಲ್ಲಿ ರಾಮನಗರ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಅಂತ ಆಯ್ತು. ಬೋರ್ಡ್ ಬದಲಾದ್ರೆ ಸೈಟ್ ರೇಟ್ ಏರಬಹುದು, ಅಪ್ಪನ ರೈಲು ಮಾತ್ರ ಒಂದು ನಿಮಿಷವೂ ಬೇಗ ಬಂದಿಲ್ಲ.

ಮಗುವಿಗೆ ಎರಡು ವರ್ಷ ಇದ್ದಾಗ ಊರು ಆರಿಸ್ತಾರೆ, ಆದರೆ ಅದಕ್ಕೆ ಹದಿನಾರೂ ಆಗುತ್ತೆ. ಪ್ಲೇಸ್ಕೂಲು, ಪಾರ್ಕು ನೋಡಿ ಬಂದವರಿಗೆ ಪಿಯು ನೆನಪಿರಲ್ಲ. ನಮ್ಮ ಕ್ಲಾಸಿನಲ್ಲಿ ಎಷ್ಟೋ ಜನ ಎಸ್ಸೆಸ್ಸೆಲ್ಸಿ ಆದ ಮೇಲೆ ಬೆಂಗಳೂರಿನ ಕಾಲೇಜು ಸೇರಿದ್ರು. ನಾನೂ ಸೇರಿದೆ. ಎರಡು ವರ್ಷ ಬೆಳಗ್ಗೆ ಅಪ್ಪನ ಜೊತೆ ಅದೇ 6:40, ಅದೇ ಪ್ಲಾಟ್‌ಫಾರ್ಮ್. ಅಪ್ಪನ ರೈಲು ಗೆಳೆಯರು ನನಗೆ ಕಿಟಕಿ ಸೀಟು ಬಿಟ್ಟುಕೊಟ್ರು, ಫಿಸಿಕ್ಸ್ ಅರ್ಧ ಓದಿದ್ದು ಅಲ್ಲೇ. ಸಾಯಂಕಾಲ ಲ್ಯಾಬ್ ಮುಗಿಸಿ ಒಬ್ಬಳೇ ಬರೋ ದಿನ ಸ್ಟೇಷನ್‌ನಿಂದ ಮನೆ ದಾರಿಯಲ್ಲಿ ಬೀದಿ ದೀಪ ಇದೆಯೋ ಇಲ್ಲವೋ ಅನ್ನೋದು ದೊಡ್ಡ ವಿಷಯ ಆಗಿತ್ತು. ಅಕ್ಕನ ಮಗಳಿಗೆ ಅದಕ್ಕೆ ಇನ್ನೂ ಹದಿನಾಲ್ಕು ವರ್ಷ ಟೈಮಿದೆ, ಶೀಟಿನಲ್ಲಿ ಒಂದು ಕಾಲಂ ಹಾಕಿಟ್ಟಿದ್ದೀನಿ.

ಅಕ್ಕ ಮನೆ ಕೊಳ್ಳೋ ಮಾತು ಸದ್ಯಕ್ಕೆ ಬಿಟ್ಟಿದ್ದಾಳೆ. ಭಾವ ಪೀಣ್ಯದ ಕೆಲಸ ಬಿಟ್ಟು ಪೂರ್ವದ ಕಡೆ ಹುಡುಕ್ತಿದ್ದಾನೆ. ಸಿಕ್ಕಿದ್ರೆ ಮಾಲೂರಿನಲ್ಲಿ, ಸ್ಟೇಷನ್‌ಗೆ ನಡೆದು ಹೋಗೋ ದೂರದಲ್ಲಿ, 11 ತಿಂಗಳ ಅಗ್ರಿಮೆಂಟಿಗೆ ಒಂದು ಬಾಡಿಗೆ ಮನೆ. ಸಿಗದಿದ್ರೆ ಬೆಂಗಳೂರಿನಲ್ಲೇ ಮೆಟ್ರೋ ಹತ್ತಿರ ಈಗಿನದ್ದಕ್ಕಿಂತ ಚಿಕ್ಕದು. ಅದಕ್ಕೂ ಮುಂಚೆ ಇಬ್ಬರೂ ಒಂದು ಸೋಮವಾರ ಮಾಲೂರಿಗೆ ಹೋಗಿ ಬೆಳಗಿನ ರೈಲು ಹತ್ತಬೇಕು, ಆಫೀಸಿನ ಗೇಟ್‌ವರೆಗೂ ಸ್ಟಾಪ್‌ವಾಚ್ ಹಾಕಿಕೊಂಡು, ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೆ ಹಾಕಿ ನಿಂತುಕೊಂಡು. ಸಂಜೆ ಅದೇ ದಾರಿಯಲ್ಲಿ ವಾಪಸ್. ಮಳೆ ಬಂದ್ರೆ ಇನ್ನೂ ಒಳ್ಳೇದು ಅಂತ ಹೇಳಿದ್ದೀನಿ.